ಕತ್ತರಿ ತಾಗದ ಕೋಟು

ಕಾರ್ತಿಕದ ಕಡೇ ಸೋಮವಾರ, ಹಾಲು ಅಳೆದು ಮುಗಿದ ಮೇಲೆ, ನಂಜುಂಡಪ್ಪ ಬಹಳ ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೊರಗೆ ಹಾಕಿದ.

“ಚಿಕ್ಕಬಸಮ್ಮ, ನಿನ್ನ ಕೈ ಮೇಲೆ ನಂದೇನೂ ತಕರಾರಿಲ್ಲ. ನಿನ್ನ ಗೂರಲಿನ ಮೇಲೆ ಅದೆ. ಹೋದ ಚಳೀಲಿ ಇಪ್ಪತ್ತೆರಡು ದಿನ ಮಲಗಿದ್ದೆ. ಈ ಸಲ ಹಂಗಾಗಬಾರದು. ಕೆಮ್ಮಿಕೊಂಡೇ ಬಂದು ಹಾಲಿನ ಮೇಲೆ ಬಗ್ಗೋದೂ ಆಗಬಾರದು. ಕಾಫಿ ಕುಡಿಯೋರ ಕಿವಿ ಹಿತ್ತಲ ಕಡೆಗೇ ಇರ್ತದೆ.”

“ಕೆಮ್ಮು ಬಂದ್ರೆ?”

“ಬಂದ ದಿವಸಾನೇ ಮಾದೇವನ್ನ ಕರೀತೀನಿ. ಆಮೇಲೆ ಅವನನ್ನ ಬಿಡಿಸೋಕಾಗಲ್ಲ. ಮೊದಲೇ ಹೇಳಲಿಲ್ಲ ಅನ್ಬೇಡ.”

ಕೋಪದಲ್ಲಿ ಆಡಿದ ಮಾತಾಗಿದ್ದರೆ ಮರುದಿನಕ್ಕೆ ಇಳಿಯುತ್ತಿತ್ತು. ನಂಜುಂಡಪ್ಪ ನಿಧಾನವಾಗಿ, ಹೆಗಲ ಮೇಲಿನ ಚೌಕದಲ್ಲಿ ಕೈ ಒರೆಸಿಕೊಳ್ಳುತ್ತ ಹೇಳಿದ್ದ. ಅಂಥ ಮಾತು ಇಳಿಯುವುದಿಲ್ಲ.

ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಗೆ ಮುಖ ಮಾಡಿದ್ದ ಅವನ ಹೋಟೆಲಿನ ಹಿಂದೆ ನಾಲ್ಕು ಎಮ್ಮೆಗಳ ಕೊಟ್ಟಿಗೆ ಇತ್ತು. ಘಾಟಿ ಹತ್ತುವ ಲಾರಿಗಳು ಬೆಳಕು ಹರಿಯುವ ಮೊದಲೇ ಅಲ್ಲಿ ನಿಲ್ಲುತ್ತಿದ್ದವು. ಅವು ನಿಲ್ಲುವ ಹೊತ್ತಿಗೆ ಒಲೆಯ ಮೇಲೆ ಹಾಲು ಉಕ್ಕಿರಬೇಕು. ಹನ್ನೊಂದು ವರ್ಷದಿಂದ ಆ ಹಾಲು ಕರೆಯುತ್ತಿದ್ದವಳು ಚಿಕ್ಕಬಸಮ್ಮ. ಗಂಡ ಚಿಕ್ಕಣ್ಣ ಕಾಡಿನ ಕೂಪಿನಲ್ಲಿ ಮರ ಸಾಗಿಸುವ ಕೆಲಸದಲ್ಲಿದ್ದ, ತಿಂಗಳಿಗೊಮ್ಮೆ ಊರಿಗೆ ಬರುತ್ತಿದ್ದ. ಮನೆಯಲ್ಲಿ ಅವಳು ಮತ್ತು ಅತ್ತೆ ಚಿಕ್ಕಮಾದಮ್ಮ. ಮುಂಚೆ ಹೋಟೆಲಿನ ಜೊತೆಗೆ ನಾಲ್ಕು ಮನೆಗಳ ಹಸುಗಳನ್ನೂ ಅವಳೇ ಕರೆಯುತ್ತಿದ್ದಳು. ಹೋದ ಚಳಿಗಾಲದ ಇಪ್ಪತ್ತೆರಡು ದಿನ ಅವಳ ಬದಲಿಗೆ ಹೋದ ಮಾದೇವನ ಕೈಗೆ ಆ ಹಸುಗಳು ಒಗ್ಗಿಕೊಂಡವು. ನಾಲ್ಕೂ ಮನೆಯವರು ಅವನನ್ನೇ ಉಳಿಸಿಕೊಂಡರು. ಮಾದೇವ ಮೋಸಗಾರನಲ್ಲ, ಒಳ್ಳೆಯ ಕೆಲಸಗಾರ. ಅದೇ ತೊಂದರೆ. ಕೆಟ್ಟ ಕೆಲಸಗಾರನ ಕೈಯಿಂದ ಕೆಲಸ ವಾಪಸು ಬರುತ್ತದೆ, ಒಳ್ಳೆಯವನ ಕೈಯಿಂದ ಬರುವುದಿಲ್ಲ. ಈಗ ಹೋಟೆಲೂ ಹೋದರೆ ಚಿಕ್ಕಬಸಮ್ಮನನ್ನು ಹಾಲು ಕರೆಯುವವಳು ಎಂದು ಊರಿನಲ್ಲಿ ಯಾರೂ ಕರೆಯುವುದಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅವಳು ಅಳಲಿಲ್ಲ. ಚಳಿ ಎಲ್ಲಿಂದ ಒಳಗೆ ಬರುತ್ತದೆ ಎಂದು ಯೋಚನೆ ಮಾಡಿದಳು.

ಚಳಿಗೆ ಕಂಬಳಿ ಇದೆಯಲ್ಲ ಎನ್ನುವವರು ಎಮ್ಮೆ ಕರೆದವರಲ್ಲ. ಕಂಬಳಿ ಹೊದ್ದು ಕೂತರೆ ಬೆಚ್ಚಗಿರುತ್ತದೆ, ನಡೆದರೂ ಬೆಚ್ಚಗಿರುತ್ತದೆ. ಆದರೆ ಅದನ್ನು ಹಿಡಿದುಕೊಳ್ಳಲು ಒಂದು ಕೈ ಬೇಕು. ಹಾಲು ಕರೆಯುವವರಿಗೆ ಎರಡು ಕೈಯೂ ಕೆಚ್ಚಲಿನ ಹತ್ತಿರ ಬೇಕು. ತಂಬಿಗೆಯನ್ನು ಮಂಡಿಗಳ ನಡುವೆ ಇರಿಸಿ ಎರಡು ತೋಳನ್ನೂ ಮುಂದೆ ಚಾಚಿದ ಕೂಡಲೇ ಕಂಬಳಿ ಹಿಂದಕ್ಕೆ ಜಾರುತ್ತದೆ, ಎದೆ ತೆರೆದುಕೊಳ್ಳುತ್ತದೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬರುವ ಗಾಳಿ ನೇರವಾಗಿ ಅಲ್ಲಿಗೇ ನುಗ್ಗುತ್ತದೆ. ಗಂಟು ಹಾಕಿಕೊಂಡರೆ ಗಂಟು ಕುತ್ತಿಗೆಗೆ ಬರುತ್ತದೆ. ಅವಳು ಎಲ್ಲವನ್ನೂ ಮಾಡಿ ನೋಡಿದ್ದಳು.

“ಅತ್ತೆವ್ವಾ, ನಂಗೆ ತೋಳಿರೋ ಬಟ್ಟೆ ಬೇಕು,” ಎಂದಳು ಮನೆಗೆ ಬಂದವಳೇ. “ಕೋಟು.”

ಚಿಕ್ಕಮಾದಮ್ಮ ಹೊಸ್ತಿಲ ಬಳಿ ಕೂತು ಕದರು ತಿರುಗಿಸಿ ಉಣ್ಣೆ ನೂಲುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಗಂಡಸ್ರು ಆಕೋದು ಕಣಮ್ಮಿ ಕೋಟು.”

“ಎಮ್ಮೆ ಕರೆಯೋದೂ ಗಂಡಸ್ರೇ ಅಂತ ಆಗ್ಬುಡ್ತದೆ, ಇಂಗೇ ಬುಟ್ರೆ.”

ಅತ್ತೆ ಕದರನ್ನು ಇನ್ನೊಂದು ಸಲ ತಿರುಗಿಸಿದಳು. “ಓಗು, ತಕ್ಕೊ. ಊರು ನಗ್ತದೆ,” ಎಂದಳು.

“ನಗ್ಲಿ. ನಗೋರು ಯಾರೂ ಬಂದು ಕರ್ಕೊಡಾಕಿಲ್ಲ.”

ಬುಧವಾರ ಬೆಳಗ್ಗಿನ ಹಾಲು ಮುಗಿಸಿ ಅವಳು ಚಾಮರಾಜನಗರದ ಬಸ್ಸು ಹತ್ತಿದಳು. ರೈಲು ನಿಲ್ದಾಣದ ರಸ್ತೆಯಲ್ಲಿ ಮುನಾವರ್ ಎಂಬುವವನ ಅಂಗಡಿ ಇತ್ತು. ಮಹಾಯುದ್ಧ ಮುಗಿದು ಎಂಟು ವರ್ಷವಾಗಿದ್ದರೂ ಅಲ್ಲಿ ಮಿಲಿಟರಿ ಬಟ್ಟೆಯ ರಾಶಿ ಕರಗಿರಲಿಲ್ಲ. ಕೋಟು, ಬೂಟು, ನೀರಿನ ಡಬ್ಬಿ ಎಲ್ಲವೂ ಒಂದರ ಮೇಲೊಂದು ಬಿದ್ದಿದ್ದವು.

“ಬನ್ನಿ ಅಮ್ಮಾ. ಏನು, ಯಜಮಾನ್ರಿಗಾ?”

“ನಂಗೆ.”

ಮುನಾವರ್ ಬೀಡಿಯನ್ನು ಬಾಯಿಂದ ತೆಗೆದ. “ನಿಮಗಾ? ಹೆಂಗಸರಿಗೆ ಶಾಲು ಅದೆಯಲ್ಲಮ್ಮಾ. ಹೂವಿನಂಥ ಶಾಲು.”

“ಶಾಲು ಒದ್ಕೊಂಡು ಎಮ್ಮೆ ಕರೆಯಕ್ಕಾಯ್ತದಾ? ತೋಳಿರೋದು ತೋರ್ಸಪ್ಪ.”

ಅವನು ಒಂದು ಕೆಂಪು ಸ್ವೆಟರ್ ತೆಗೆದು ಕೊಡವಿದ. “ಇದು ನೋಡಿ. ಅಸಲಿ ಉಣ್ಣೆ. ಊಟಿ ದೊರೆಗಳು ಹಾಕೋದು.”

ಚಿಕ್ಕಬಸಮ್ಮ ಸ್ವೆಟರನ್ನು ಮೈಗೆ ಹಿಡಿದು ನೋಡಲಿಲ್ಲ. ಒಳಗಡೆಯ ಅಂಚಿನಿಂದ ಒಂದು ಎಳೆ ಕಿತ್ತಳು. “ನಿನ್ ಬೀಡಿ ಇಂಗ್ ಕೊಡು ವಸಿ,” ಎಂದು ಅದರ ಕೆಂಡಕ್ಕೆ ಎಳೆಯ ತುದಿ ತಾಗಿಸಿ ಮೂಸಿದಳು. ಅವಳ ತವರು ಕುರಿಯ ಮನೆ. ಉಣ್ಣೆ ಯಾವುದು, ಉಣ್ಣೆಯ ಹೆಸರಿಟ್ಟುಕೊಂಡದ್ದು ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಕುರಿ ಉಣ್ಣೆ ಸುಟ್ರೆ ತಲೆಗೂದ್ಲು ಸುಟ್ಟಂಗೆ ವಾಸ್ನೆ ಬತ್ತದೆ. ಇದು ಅಳೇ ಪಂಚೆ ಸುಟ್ಟಂಗೆ ಅದೆ. ಊಟಿ ದೊರೆಗಳು ಪಂಚೆ ಉಟ್ಕೋತಾರಾ?”

ಪಕ್ಕದಲ್ಲಿ ಬೂಟು ನೋಡುತ್ತಿದ್ದವನು ಫಕ್ಕನೆ ನಕ್ಕ. ಮುನಾವರ್ ಕೂಡ ನಗುತ್ತ ಸ್ವೆಟರನ್ನು ಹಿಂದಕ್ಕೆ ಎಸೆದ. “ಆಯ್ತು ತಾಯಿ, ನಿಮ್ಮ ಹತ್ರ ಸುಳ್ಳು ನಡೆಯಲ್ಲ. ಇದನ್ನ ಸುಟ್ಟು ನೋಡಿ,” ಎಂದು ರಾಶಿಯ ಅಡಿಯಿಂದ ಖಾಕಿ ಬಣ್ಣದ ದಪ್ಪ ಕೋಟೊಂದನ್ನು ಎಳೆದ.

ಅದರ ಎಳೆ ಸುಟ್ಟಾಗ ಕೂದಲಿನ ವಾಸನೆಯೇ ಬಂತು. ಬೂದಿ ಬೆರಳಿನಲ್ಲಿ ಪುಡಿಯಾಯಿತು. ಅವಳು ಕೋಟನ್ನು ಸೀರೆಯ ಮೇಲೆ ಹಾಕಿಕೊಂಡಳು. ಮಂಡಿಯ ತನಕ ಬಂತು. ಎದೆಯ ಮೇಲೆ ಎರಡು ಮಡಿಕೆ, ಹಿತ್ತಾಳೆ ಗುಂಡಿ. ಒಳಗೆ ಒಲೆ ಹಚ್ಚಿದಂತಾಯಿತು.

“ಪೋಲೀಸಮ್ಮ ಬಂದ್ರು, ದಾರಿ ಬಿಡ್ರಪ್ಪೋ,” ಎಂದ ಬೂಟಿನವನು.

ಚಿಕ್ಕಬಸಮ್ಮ ಅವನ ಕಡೆ ತಿರುಗಲೇ ಇಲ್ಲ. ಕೂತು ಎದ್ದಳು, ತೋಳು ಮುಂದೆ ಚಾಚಿ ಬೆರಳು ಆಡಿಸಿ ನೋಡಿದಳು, ಆಮೇಲೆ ಮುನಾವರನಿಗೆ ಹೇಳಿದಳು: “ತಕ್ಕೋತೀನಿ. ಆದ್ರೆ ಒಂದ್ಮಾತು. ಎಮ್ಮೆ ಒಪ್ಪಿದ್ರೆ ನಂದು. ಒಪ್ದಿದ್ರೆ ಎಂಟು ದಿನದೊಳ್ಗೆ ನಿಂದು.”

“ಎಮ್ಮೆ ಯಾಕಮ್ಮಾ ಒಪ್ಪಬೇಕು? ಹಾಕ್ಕೊಳ್ಳೋರು ನೀವು.”

“ನಾನು ಆಕ್ಕೊಳ್ಳೋದು ಅದ್ರ ಪಕ್ಕದಲ್ಲಿ ಕೂರಕ್ಕೆ.”

“ಇಷ್ಟು ವರ್ಷ ವ್ಯಾಪಾರ ಮಾಡಿದೀನಿ, ಎಮ್ಮೆ ಜೊತೆ ಚೌಕಾಸಿ ಇದೇ ಮೊದಲು,” ಎಂದ ಮುನಾವರ್. ಆದರೆ ಒಪ್ಪಿಕೊಂಡ.

ಎಮ್ಮೆ ಒಪ್ಪಲಿಲ್ಲ.

ನಾಲ್ಕರಲ್ಲಿ ಚಂದ್ರಿ ಎಂಬುದೇ ಹೆಚ್ಚು ಹಾಲಿನ ಎಮ್ಮೆ. ಹೆಚ್ಚು ಹಾಲಿನದಕ್ಕೆ ಬಿಗುಮಾನವೂ ಹೆಚ್ಚು. ಉಳಿದ ಮೂರು ಹಿಂದೆ ಮುಂದೆ ಸರಿದಾಡಿ ಹೇಗೋ ಕರೆಸಿಕೊಂಡವು. ಚಂದ್ರಿ ಮಾತ್ರ ಕೋಟನ್ನು ಒಮ್ಮೆ ಮೂಸಿ ಮೂಗರಳಿಸಿ ತಲೆ ಒದರಿತು. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ಜೊತೆ ಮಲಗಿದ್ದ ಕೋಟು ಅದು. ಆ ಘಾಟು ಮನುಷ್ಯರ ಮೂಗಿಗೇ ಹೊಡೆಯುತ್ತಿತ್ತು. ಕರು ಬಿಟ್ಟು ಕುಡಿಸಿದರೂ ಚಂದ್ರಿ ಸೊರ ಬಿಡಲಿಲ್ಲ. ಕೆಚ್ಚಲು ತುಂಬಿತ್ತು, ಮೊಲೆಗೆ ಹಾಲು ಇಳಿಯಲಿಲ್ಲ. ಅರ್ಧ ಗಂಟೆ ಸವರಿ, ಹೆಸರಿಟ್ಟು ಕರೆದು ಕೊನೆಗೆ ನಾಲ್ಕು ಎಳೆ ಬರುವಷ್ಟರಲ್ಲಿ ಕೋಟಿನ ತೋಳು ಜಾರಿ ತಂಬಿಗೆಯೊಳಗೆ ಮುಳುಗಿತು. ಚಿಕ್ಕಬಸಮ್ಮ ತೋಳು ಎತ್ತಿಕೊಳ್ಳುವಾಗ ಹಿತ್ತಾಳೆ ಗುಂಡಿ ಚಂದ್ರಿಯ ತೊಡೆಗೆ ತಣ್ಣಗೆ ತಾಗಿತು. ಎಮ್ಮೆ ಒದೆಯಿತು. ತಂಬಿಗೆ ಗೋಡೆಯ ತನಕ ಉರುಳಿತು.

ಆ ದಿನ ಎರಡು ಲಾರಿಯವರು ಹಾಲಿಲ್ಲದ ಕಾಫಿ ಕುಡಿದು ಬೈದು ಹೋದರು. ನಂಜುಂಡಪ್ಪ ಹಿತ್ತಲ ಬಾಗಿಲಲ್ಲಿ ನಿಂತು ಖಾಲಿ ತಂಬಿಗೆಯನ್ನೂ ಕೋಟನ್ನೂ ನೋಡಿ ಒಳಗೆ ಹೋದ.

ಸುದ್ದಿ ಅವಳಿಗಿಂತ ಮೊದಲು ಬಸ್ ನಿಲ್ದಾಣಕ್ಕೆ ಹೋಗಿತ್ತು. ಅಲ್ಲಿ ಮಾದೇವ ಎದುರಾದ.

“ಏನಕ್ಕ, ಚಂದ್ರಿ ಸಲ್ಯೂಟ್ ಒಡೀತಂತೆ?”

“ಊಂ ಕಣ್ಲಾ. ನಿಂಗೂ ಒಡೀತದೆ, ಬಾ.”

“ಬಾ ಅಂದ್ರೆ ಬರೋನೇ ನಾನು,” ಎಂದ ಮಾದೇವ. ನಗುತ್ತಲೇ ಅಂದ, ಆದರೆ ಪೂರ್ತಿ ನಗೆಯಾಗಿರಲಿಲ್ಲ. ಅವನಿಗೂ ಮನೆಯಲ್ಲಿ ನಾಲ್ಕು ಹೊಟ್ಟೆ ಇತ್ತು.

ಕೋಟನ್ನು ಬಿಸಿಲಿಗೆ ಹಾಕಿದ್ದಾಯಿತು, ಬೇವಿನ ಹೊಗೆ ಕೊಟ್ಟದ್ದಾಯಿತು, ಎರಡು ದಿನ ಕೊಟ್ಟಿಗೆಯ ಗೂಟಕ್ಕೇ ನೇತು ಹಾಕಿ ಎಮ್ಮೆಗಳಿಗೆ ರೂಢಿ ಮಾಡಿಸಲು ನೋಡಿದ್ದಾಯಿತು. ಘಾಟು ಹೋಗಲಿಲ್ಲ. ಆ ದಿನಗಳಲ್ಲಿ ಅವಳು ಬರಿಯ ತೋಳಿನಲ್ಲೇ ಕರೆದಳು. ಐದನೇ ದಿನ ಬೆಳಗ್ಗೆ ಉಸಿರು ಎಳೆದುಕೊಂಡಾಗ ಎದೆಯೊಳಗೆ ಎಲ್ಲೋ ಸಣ್ಣಗೆ ಸಿಳ್ಳೆ ಹೊಡೆದಂತಾಯಿತು. ಆ ಸಿಳ್ಳೆಯ ಗುರುತು ಅವಳಿಗಿತ್ತು. ಹೋದ ವರ್ಷವೂ ಹಾಗೆಯೇ ಶುರುವಾಗಿ ಹದಿನೈದು ದಿನಕ್ಕೆ ಮಲಗಿಸಿತ್ತು. ಕೆಮ್ಮು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು, ಚಂದ್ರಿಯ ಹೊಟ್ಟೆಗೆ ಹಣೆ ಒತ್ತಿ, ಕಣ್ಣಲ್ಲಿ ನೀರು ಬರುವ ತನಕ ತಡೆದುಕೊಂಡಳು. ಒಳಗೆ ಹೋಟೆಲಿನಲ್ಲಿ ಲೋಟಗಳ ಸದ್ದು ನಿಲ್ಲಲಿಲ್ಲ. ಯಾರಿಗೂ ಕೇಳಿಸಿರಲಿಲ್ಲ.

ಎಂಟನೇ ದಿನ ಕೋಟು ಚಾಮರಾಜನಗರಕ್ಕೆ ವಾಪಸು ಹೋಯಿತು.

“ಏನಂದ್ಳು ನಿಮ್ಮ ಎಮ್ಮೆ?” ಎಂದ ಮುನಾವರ್.

“ಬ್ಯಾಡ ಅಂದ್ಳು.”

ಅವನು ಕೋಟು ಮಡಿಸಿ ಒಳಗಿಟ್ಟುಕೊಂಡು ಹಣ ಕೊಟ್ಟ. “ನಿಮ್ಮ ಎಮ್ಮೆ ಮೂಗು ಯಾವ ವಾಸನೆಗೆ ಒಗ್ಗಿದೆಯೋ ಅದರಲ್ಲೇ ಕೋಟು ಹೊಲಿಸಿ ತಾಯಿ,” ಎಂದ ತಮಾಷೆಗೆ.

ತಮಾಷೆಯ ಮಾತನ್ನು ಚಿಕ್ಕಬಸಮ್ಮ ಬಸ್ಸಿನಲ್ಲಿ ಗುಂಡ್ಲುಪೇಟೆಯ ತನಕ ಹೊತ್ತು ತಂದಳು. ಇಳಿದವಳು ಮನೆಗೆ ಹೋಗದೆ ಪೇಟೆಯ ದರ್ಜಿ ಅಬ್ದುಲ್ ಜಬ್ಬಾರನ ಅಂಗಡಿಗೆ ಹೋದಳು. ಜಬ್ಬಾರ್ ವಯಸ್ಸಾದವನು. ಊರಿನ ಅರ್ಧ ಜನರ ಮದುವೆಯ ಅಂಗಿ ಹೊಲಿದವನು.

“ಸಾಬ್ರೆ, ಕಂಬ್ಳೀಲಿ ಒಂದು ಕೋಟು ಒಲ್ಕೊಡ್ತೀರಾ?”

ಜಬ್ಬಾರ್ ಕನ್ನಡಕದ ಮೇಲಿಂದ ನೋಡಿದ. “ಕಂಬಳಿ ನೆಯ್ಗೆ ಸಡಿಲ ಅಮ್ಮಾ. ಕತ್ತರಿ ಹಾಕಿದ್ರೆ ಎಳೆ ಎಲ್ಲಾ ಬಿಚ್ಚಿ ಹೋಗ್ತದೆ. ಅಂಚಿಗೆ ಪಟ್ಟಿ ಕಟ್ಟಿ ನೋಡಬಹುದು. ತನ್ನಿ ನೋಡೋಣ.”

ತರಲು ಹೋದರೆ ಅತ್ತೆ ಕಂಬಳಿಯ ಮೇಲೆ ಕೂತಿದ್ದಳು. ಕೋಟಿನ ವಿಷಯ ಸೊಸೆ ಹೇಳಿದ ಮೇಲೂ ಏಳಲಿಲ್ಲ. ಇನ್ನೂ ಭದ್ರವಾಗಿ ಕೂತಳು.

“ಕಂಬ್ಳಿಗೆ ಕತ್ರಿ ಆಕ್ತೀಯಾ? ದೇವ್ರನ್ನ ಕೂರ್ಸೋ ಗದ್ದುಗೆ ಕಣಮ್ಮಿ ಅದು. ನ್ಯಾಯ ಏಳೋರು ಇದ್ರ ಮ್ಯಾಲೇ ಕೂರೋದು. ನಿನ್ನ ಮದುವೇಲಿ ನಿನ್ನ ಕೂರ್ಸಿದ್ದು ಯಾವ್ದ್ರ ಮ್ಯಾಲೆ?”

“ಇದ್ರ ಮ್ಯಾಲೆ.”

“ಮತ್ತೆ? ನಮ್ಮತ್ತೆ ಕಾಲ್ದಿಂದ ಈ ಮನೇಲಿ ಕಂಬ್ಳಿಗೆ ಕತ್ರಿ ತಾಗಿಲ್ಲ. ನಿಮ್ಮಾವನೂ ಅವರಣ್ಣನೂ ಪಾಲಾದ್ರಲ್ಲ, ಒಂದೇ ಒಂದು ದೊಡ್ಡ ಕಂಬ್ಳಿ ಇತ್ತು. ಮುಖ ನೋಡ್ದಂಗೆ ಜಗಳ ಆಡಿದ್ರು. ಅವತ್ತೂ ಕತ್ರಿ ಆಕ್ಲಿಲ್ಲ. ನಡುಮಧ್ಯದ ಒಲಿಗೆ ಬಿಚ್ಚಿ ಆಳಿಗೊಂದು ಪಟ್ಟಿ ತಕ್ಕೊಂಡ್ರು. ಜಗಳದಲ್ಲೂ ಮರ್ಯಾದೆ ಇತ್ತು.”

ಚಿಕ್ಕಬಸಮ್ಮ ಬಗ್ಗಿ ಅತ್ತೆಯ ಕೆಳಗಿನ ಕಂಬಳಿಯ ನಡುವಿನ ಹೊಲಿಗೆಯನ್ನು ನೋಡಿದಳು. ಕಂಬಳಿ ಒಂದೇ ಅಗಲವಾಗಿ ಮಗ್ಗದಿಂದ ಬರುವುದಿಲ್ಲ. ಎರಡು ಕಿರಿದಾದ ಪಟ್ಟಿ ನೇಯ್ದು, ನಡುವೆ ಸೇರಿಸಿ ಹೊಲಿದರೆ ಒಂದು ಕಂಬಳಿ. ಚಿಕ್ಕಂದಿನಿಂದ ಕಂಡದ್ದೇ. ಆದರೆ ಕಂಡದ್ದೆಲ್ಲ ಹೊತ್ತಿಗೆ ಸರಿಯಾಗಿ ತಲೆಗೆ ಬರುವುದಿಲ್ಲ, ಯಾರಾದರೂ ಬೈಯಬೇಕಾಗುತ್ತದೆ.

“ಅತ್ತೆವ್ವಾ, ಒಲಿಗೆ ಆಕ್ಬೋದು ಅಲ್ವಾ?”

“ಒಲಿಗೆ ಇಲ್ದೆ ಕಂಬ್ಳಿ ಎಲ್ಲಿಂದ ಬತ್ತದೆ?”

“ಅಂಗಾದ್ರೆ ಎರಡು ಪಟ್ಟಿ ಅಲ್ಲ, ನಾಕು ಪಟ್ಟಿ. ಅಳತೆಗೆ ನೇಯ್ಸಿ ಒಲ್ಸಿದ್ರೆ? ಕತ್ರಿ ಎಲ್ಲಿಗೂ ಬ್ಯಾಡ.”

ಅಷ್ಟರಲ್ಲಿ ಚಿಕ್ಕಬಸಮ್ಮನಿಗೆ ಕೆಮ್ಮು ಬಂತು. ಮನೆಯಲ್ಲಿ ತಡೆಯುವ ಅಗತ್ಯವಿರಲಿಲ್ಲ. ಬಾಗಿ, ಗೋಡೆ ಹಿಡಿದು ಕೆಮ್ಮಿದಳು. ಮುಗಿಯುವ ಹೊತ್ತಿಗೆ ಅತ್ತೆ ಎದ್ದು ಅಟ್ಟದಿಂದ ಒಂದು ಬುಟ್ಟಿ ಇಳಿಸಿದ್ದಳು. ಅದರ ತುಂಬ ಕರಿಯ ಉಣ್ಣೆಯ ನೂಲುಂಡೆಗಳು. ತನಗೊಂದು ಹೊಸ ಕಂಬಳಿಗೆಂದು ಎರಡು ವರ್ಷದಿಂದ ನೂತದ್ದು.

“ತಕ್ಕೊಂಡೋಗು. ನಂದು ಅಳೇದೇ ಇನ್ನೂ ಅದೆ.”

“ಅತ್ತೆವ್ವಾ...”

“ಓಗು ಓಗು. ಆ ಸಾಬಿ ಕೈಲಿ ಕತ್ರಿ ಇಡಿಸ್ಬ್ಯಾಡ ಅಷ್ಟೆ.”

ಇದನ್ನು ಕೇಳಿದಾಗ ಜಬ್ಬಾರ್ ಕತ್ತರಿಯನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿಕೊಂಡ. “ಕತ್ತರಿ ಇಲ್ಲದ ದರ್ಜಿ ಅಂದ್ರೆ ಬಾವಿ ಇಲ್ಲದ ಹಗ್ಗ ಅಮ್ಮಾ. ಕುತ್ತಿಗೆ ಹೆಂಗೆ ಬಿಡೋದು? ಕಂಕುಳು ಹೆಂಗೆ ಕೂರಿಸೋದು?”

ಒಳಗಿನ ಪರದೆಯ ಹಿಂದಿನಿಂದ ಅವನ ಹೆಂಡತಿ ಆಮಿನಾ ನಕ್ಕಳು. “ನೀವು ಸುಮ್ನಿರಿ. ಬಾ ಅಕ್ಕ ಒಳಗೆ.” ಜಬ್ಬಾರ್ ಹೆಂಗಸರ ಅಳತೆ ತೆಗೆಯುತ್ತಿರಲಿಲ್ಲ, ಅದು ಆಮಿನಾಳ ಕೆಲಸ. ಅವಳು ಒಂದು ದಾರ ಹಿಡಿದು ಹೆಗಲಿನಿಂದ ಸೊಂಟದ ಕೆಳಗಿನ ತನಕ, ಬೆನ್ನಿನ ಅಗಲ, ತೋಳಿನ ಉದ್ದ ಅಳೆದು ಒಂದೊಂದು ಅಳತೆಗೂ ಗಂಟು ಹಾಕಿದಳು. ಆಮೇಲೆ ಎರಡು ಪಂಚೆ ತುಂಡುಗಳನ್ನು ಚಿಕ್ಕಬಸಮ್ಮನ ಎರಡು ಹೆಗಲ ಮೇಲೂ ಎದೆಯಿಂದ ಬೆನ್ನಿಗೆ ಇಳಿಬಿಟ್ಟಳು.

“ನೋಡು. ಎರಡು ಉದ್ದ ಪಟ್ಟಿ ಹಿಂಗೆ. ಬೆನ್ನಲ್ಲಿ ಸೇರಿಸಿ ಹೊಲಿಯೋದು, ಕುತ್ತಿಗೆ ಹತ್ರ ಒಂದು ಗೇಣು ಬಿಟ್ಟುಬಿಡೋದು. ಕುತ್ತಿಗೆ ತಾನೇ ಬಂತು. ಎದೆ ಕಡೆ ಒಂದರ ಮೇಲೊಂದು. ಎರಡು ಗಿಡ್ಡ ಪಟ್ಟಿ ಸುತ್ತಿ ಹೊಲಿದ್ರೆ ತೋಳು.”

ಹೊರಗಿನಿಂದ ಜಬ್ಬಾರ್ ಕೂಗಿದ: “ಕಾಲರ್?”

“ಕಾಲರ್ ಬ್ಯಾಡ ಸಾಬ್ರೆ, ಎಮ್ಮೆ ತಿಂತದೆ. ಗುಂಡೀನೂ ಬ್ಯಾಡ. ಉಣ್ಣೆ ಲಾಡಿ ಎಣೆದು ಎಡಗಡೆಗೆ ಕಟ್ಬುಡಿ. ಎಮ್ಮೆ ಇರೋದು ಬಲಗಡೆ.”

“ಸರಿ, ಸರಿ. ನಾನು ಸೂಜಿ ಮಾತ್ರ ಹಿಡೀತೀನಿ,” ಎಂದ ಜಬ್ಬಾರ್, ಸೋತವನ ದನಿಯಲ್ಲಿ. ಆದರೆ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಕಾಗದದ ಮೇಲೆ ನಾಲ್ಕು ಪಟ್ಟಿ ಬರೆಯಲು ಆಗಲೇ ಶುರು ಮಾಡಿದ್ದ.

ನೇಯುವವನು ಬೇಗೂರಿನ ದೊಡ್ಡಯ್ಯ, ಅವಳ ಸೋದರಮಾವ. ಗಂಟು ಹಾಕಿದ ದಾರವನ್ನೂ ಬುಟ್ಟಿಯನ್ನೂ ಮುಂದಿಟ್ಟಾಗ ಅವನು ಮಗ್ಗದ ಗುಂಡಿಯಲ್ಲಿ ಕೂತೇ ತಲೆ ಎತ್ತಿದ.

“ಇದೇನಮ್ಮಿ, ಗೊಂಬೆಗೆ ಕಂಬ್ಳಿನಾ?”

ಅವಳು ಎಲ್ಲವನ್ನೂ ಹೇಳಿದಳು. ದೊಡ್ಡಯ್ಯ ನಗಲಿಲ್ಲ. ನೂಲನ್ನು ಎಳೆದು ನೋಡಿದ. “ನಿಮ್ಮತ್ತೆ ನೂಲು ಚೆನ್ನಾಗಿ ಅದೆ. ಬಾಯಿ ಜೋರಿದ್ದೋರ ಕೈ ಸಣ್ಣಗೆ ಇರ್ತದೆ ಕಣ. ಆದ್ರೆ ಒಂದು. ಮಗ್ಗದಿಂದ ಇಳಿಸ್ಬೇಕಾದ್ರೆ ಎಳೆ ಕುಯ್ಯಲೇಬೇಕು. ಅದಕ್ಕೇನಂತಾಳೆ?”

“ನೀವೇನಂತೀರಿ ಮಾವ?”

“ನಾನಾ? ಮಗೂನ ಒಕ್ಕಳಬಳ್ಳಿ ಕುಯ್ಯಲ್ವಾ? ಅದನ್ನ ಯಾರಾದ್ರೂ ಗಾಯ ಅಂತಾರಾ? ಏಳು ಅವ್ಳಿಗೆ.” ನೂಲನ್ನು ಬುಟ್ಟಿಗೆ ಹಾಕುತ್ತ ಕೇಳಿದ: “ಎಷ್ಟು ದಿನ ಅದೆ ನಿಂಗೆ?”

“ನನ್ ಎದೆ ಏಳ್ದಷ್ಟು.”

ದೊಡ್ಡಯ್ಯ ಬೇರೆಯವರ ಕಂಬಳಿಯೊಂದನ್ನು ತಡ ಮಾಡಿ ಇವಳದ್ದನ್ನು ಏರಿಸಿದ. “ಒಗೆದ್ರೆ ಉಣ್ಣೆ ಕುಗ್ತದೆ, ನಾಕು ಬೆರಳು ಜಾಸ್ತಿ ಬುಡ್ಲಾ?” ಎಂದು ಕೇಳಿದಾಗ ಚಿಕ್ಕಬಸಮ್ಮ ಉದ್ದ ಪಟ್ಟಿಗಳಿಗೆ ನಾಲ್ಕು ಬೆರಳು ಸೇರಿಸಿ ಹೇಳಿದಳು. ತೋಳಿನ ಪಟ್ಟಿಗೆ ಹೇಳುವುದು ಮರೆತಳು. ಕುರಿಯ ಮನೆಯವಳು ಮರೆಯಬಾರದ ವಿಷಯ. ಆದರೆ ಹುಟ್ಟಿದಂದಿನಿಂದ ಯಾರೂ ಅವಳಿಗೆ ತೋಳಿರುವ ಕಂಬಳಿ ತೋರಿಸಿರಲಿಲ್ಲ.

ಅಷ್ಟು ದಿನ ಅವಳು ಶುಂಠಿ, ಮೆಣಸು, ತುಳಸಿಯ ಕಷಾಯ ಕುಡಿದಳು. ಎದೆಗೆ ಅತ್ತೆಯ ಹಳೆಯ ಕಂಬಳಿಯ ಮಡಿಕೆಯನ್ನು ಹಗ್ಗದಲ್ಲಿ ಬಿಗಿದುಕೊಂಡು ಕರೆದಳು. ತೋಳು ಬರಿದಾಗಿಯೇ ಇತ್ತು. ಸಿಳ್ಳೆ ಹೆಚ್ಚಾಗಲಿಲ್ಲ, ಹೋಗಲೂ ಇಲ್ಲ. ಕೆಮ್ಮು ಬಂದಾಗಲೆಲ್ಲ ಎಮ್ಮೆಯನ್ನು ಗದರಿಸುವ ನೆವದಲ್ಲಿ “ಹೇಯ್, ಹೇಯ್” ಎಂದು ಕೂಗಿ ಅದರಲ್ಲೇ ಕೆಮ್ಮನ್ನು ಬೆರೆಸಿಬಿಡುತ್ತಿದ್ದಳು. ಪಾಪ, ಯಾವ ತಪ್ಪೂ ಮಾಡದ ಎಮ್ಮೆಗಳು ದಿನವೂ ಬೈಸಿಕೊಂಡವು.

ಹನ್ನೆರಡು ದಿನಕ್ಕೆ ಕೋಟು ಬಂತು. ಕಪ್ಪಗೆ, ಗಟ್ಟಿಯಾಗಿ, ನೆಲದ ಮೇಲೆ ಇಟ್ಟರೆ ತಾನೇ ನಿಲ್ಲುವಂತಿತ್ತು. ಹೊಸ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕುವುದು ರೂಢಿ, ದೊಡ್ಡಯ್ಯ ಅದನ್ನು ಬಿಟ್ಟಿರಲಿಲ್ಲ. ಜಬ್ಬಾರ್ ಉಣ್ಣೆಯ ನೂಲಿನಲ್ಲೇ ಕೈಹೊಲಿಗೆ ಹಾಕಿದ್ದ. ಒಂದೊಂದು ಹೊಲಿಗೆಯೂ ಜೋಳದ ಕಾಳಿನಂತೆ ಸಾಲಾಗಿ ಕೂತಿತ್ತು. ಚಿಕ್ಕಮಾದಮ್ಮ ಅದನ್ನು ಒಳಹೊರಗೆ ತಿರುವಿ, ಅಂಚು ಅಂಚು ಹಿಡಿದು ಕತ್ತರಿಯ ಗುರುತು ಹುಡುಕಿದಳು. ಸಿಕ್ಕಲಿಲ್ಲ. ದೇವರ ಮುಂದೆ ಇಟ್ಟು ಅರಿಶಿನ ಕುಂಕುಮ ಹಚ್ಚಿ ಸೊಸೆಯ ಕೈಗೆ ಕೊಟ್ಟಳು.

“ಚುಚ್ತದೆ ಅತ್ತೆವ್ವಾ.”

“ಬೆಚ್ಚಗಿರೋದೆಲ್ಲ ವಸಿ ಚುಚ್ತದೆ. ನಾನು ಚುಚ್ಚಲ್ವಾ?”

ಮೊದಲ ದಿನ ಚಂದ್ರಿ ಒದೆಯಲಿಲ್ಲ, ಮೂಗರಳಿಸಲಿಲ್ಲ. ಕೊಟ್ಟಿಗೆಯಲ್ಲಿ ಹುಟ್ಟಿದಂದಿನಿಂದ ಬಲ್ಲ ಕಂಬಳಿಯ ವಾಸನೆ ಅದು. ಸೊರವನ್ನೂ ಬಿಟ್ಟಿತು. ಆದರೆ ಗಂಜಿಯ ರುಚಿ ಹತ್ತಿ ಕುತ್ತಿಗೆ ತಿರುಗಿಸಿ ಚಿಕ್ಕಬಸಮ್ಮನ ಹೆಗಲನ್ನು ನೆಕ್ಕತೊಡಗಿತು. ಹಿಂದಿನಿಂದ ಕರು ಬಂದು ಕೋಟಿನ ಅಂಚನ್ನು ಬಾಯಿಗಿಟ್ಟುಕೊಂಡು ಚೀಪಿತು. ಒಬ್ಬಳು ಹೆಂಗಸನ್ನು ಎರಡು ಕಡೆಯಿಂದಲೂ ತಿನ್ನುತ್ತಿರುವುದನ್ನು ನಂಜುಂಡಪ್ಪ ಬಾಗಿಲಲ್ಲಿ ನಿಂತು ನೋಡಿದ. ಅವತ್ತು ಮೊದಲ ಸಲ ಅವನ ತುಟಿ ಸ್ವಲ್ಪ ಅಲುಗಿತು.

ಅವಳು ಮನೆಗೆ ಹೋಗಿ ಕೋಟನ್ನು ಬಿಸಿನೀರಿನಲ್ಲಿ ಅದ್ದಿ, ಅಂಟುವಾಳದಲ್ಲಿ ತಿಕ್ಕಿ ಗಂಜಿ ಬಿಡಿಸಿದಳು. ಒಣಗಿದ ಮೇಲೆ ನೋಡಿದರೆ ಮೈ ಸರಿಯಾಗಿ ಕೂತಿತ್ತು. ತೋಳು ಮಾತ್ರ ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತುಬಿಟ್ಟಿತ್ತು. ಅದನ್ನು ಕಂಡು ಜಬ್ಬಾರ್ ತಲೆ ಮೇಲೆ ಕೈ ಇಟ್ಟ. “ನನ್ನ ಹೆಸರು ಹೋಯ್ತಮ್ಮಾ. ಕೊಡಿ, ಇನ್ನೊಂದು ಪಟ್ಟಿ ಸೇರಿಸ್ತೀನಿ.”

ಚಿಕ್ಕಬಸಮ್ಮ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಇಲ್ಲದ ಎಮ್ಮೆಗೆ ಕೈ ಹಾಕಿ ಎರಡು ಸಲ ಕರೆದಂತೆ ಮಾಡಿದಳು. ಮಿಲಿಟರಿ ಕೋಟಿನ ತೋಳು ತಂಬಿಗೆಯಲ್ಲಿ ಮುಳುಗಿದ್ದು ಅವಳಿಗೆ ನೆನಪಿತ್ತು.

“ಮುಟ್ಬ್ಯಾಡಿ ಸಾಬ್ರೆ. ಇಷ್ಟೇ ಇರ್ಲಿ.”

ಬೀದಿ ನಕ್ಕಿತು, ಇಲ್ಲವೆಂದಲ್ಲ. ಕರಡಿ ಎಂದರು, ಕಂಬಳಿಹುಳ ಎಂದರು. ಚಿಕ್ಕಣ್ಣ ಕೂಪಿನಿಂದ ಬಂದವನು ಬಾಗಿಲಲ್ಲೇ ನಿಂತು “ಯಾರ್ಲಾ ಅದು ನಮ್ಮನೇಲಿ?” ಎಂದ. ಚಿಕ್ಕಬಸಮ್ಮ ಎಲ್ಲರಿಗೂ ಒಂದೇ ಉತ್ತರ ಇಟ್ಟುಕೊಂಡಿದ್ದಳು: “ಸಂಕ್ರಾಂತಿ ಆದ್ಮೇಲೆ ಮಾತಾಡನ ಬುಡಿ.”

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಆ ವರ್ಷದ ಕೆಟ್ಟ ಚಳಿ ಇಳಿಯಿತು. ಬೆಳಗಿನ ಜಾವ ಮಂಜು ಎಷ್ಟಿತ್ತೆಂದರೆ ರಸ್ತೆಯಲ್ಲಿ ನಿಂತ ಲಾರಿಗೆ ಮೂತಿ ಇರಲಿಲ್ಲ, ಎರಡು ದೀಪ ಮಾತ್ರ ಇತ್ತು. ಹಿಂದಿನ ವರ್ಷ ಅವಳು ಮಲಗಿದ್ದು ಇಂಥದೇ ದಿನ. ನಂಜುಂಡಪ್ಪ ಲೆಕ್ಕ ತಪ್ಪುವ ಮನುಷ್ಯನಲ್ಲ. ಅವಳು ಬರುವುದಿಲ್ಲವೆಂದೇ ತಿಳಿದು ಹಿಂದಿನ ಸಂಜೆಯೇ ಮಾದೇವನಿಗೆ ಹೇಳಿ ಕಳಿಸಿದ್ದ. ಮಾದೇವ ತನ್ನ ತಂಬಿಗೆ ಹಿಡಿದು, ತಲೆ ಮುಚ್ಚುವಂತೆ ಕಂಬಳಿ ಕೊಪ್ಪೆ ಹಾಕಿಕೊಂಡು ಕೊಟ್ಟಿಗೆಗೆ ಬಂದಾಗ ಒಳಗಿನಿಂದ ಚರ್ ಚರ್ ಎಂದು ಹಾಲು ಬೀಳುವ ಸದ್ದು ಆಗಲೇ ಕೇಳುತ್ತಿತ್ತು.

ಚಿಕ್ಕಬಸಮ್ಮ ಮೂರನೇ ಎಮ್ಮೆಯ ಹತ್ತಿರ ಕೂತಿದ್ದಳು. ಎರಡು ತಂಬಿಗೆ ತುಂಬಿ ಪಕ್ಕದಲ್ಲಿದ್ದವು. ಅವಳ ಬೆನ್ನಿನಿಂದ ಎಮ್ಮೆಯ ಬೆನ್ನಿನಂತೆಯೇ ಆವಿ ಏಳುತ್ತಿತ್ತು.

“ಬಂದ್ಬುಟ್ಟಿದ್ದೀಯಲ್ಲಕ್ಕ,” ಎಂದ ಮಾದೇವ. ತಮಾಷೆ ಮಾಡಲು ಬಂದ ಬಾಯಿಗೆ ತಮಾಷೆ ಸಿಕ್ಕಲಿಲ್ಲ.

“ಬರ್ದೆ? ನೀನ್ಯಾಕ್ ಬಂದೆ ಅಂತ ನಾನು ಕೇಳಾಕಿಲ್ಲ ಬುಡು.”

ನಂಜುಂಡಪ್ಪ ಕಂದೀಲು ಹಿಡಿದು ಹಿತ್ತಲ ಬಾಗಿಲಿಗೆ ಬಂದ. ಇಬ್ಬರನ್ನೂ ನೋಡಿದ. ಬಾಗಿಲಿಗೆ ಒರಗಿ ನಿಂತ. ಅವನು ಕೆಮ್ಮು ಕೇಳಿಸಿಕೊಳ್ಳಲು ನಿಂತಿದ್ದಾನೆಂದು ಚಿಕ್ಕಬಸಮ್ಮನಿಗೆ ಗೊತ್ತಾಯಿತು. ಎದ್ದು ಚಂದ್ರಿಯ ಪಕ್ಕಕ್ಕೆ ಹೋದಳು. ಕರು ಬಿಟ್ಟಳು, ಎಳೆದು ಕಟ್ಟಿದಳು, ಕೂತಳು. ಚಂದ್ರಿ ಒಮ್ಮೆ ಅವಳ ಹೆಗಲನ್ನು ಮೂಸಿ ಕಣ್ಣು ಅರ್ಧ ಮುಚ್ಚಿತು. ಹಾಲು ಇಳಿಯಿತು. ಆ ತಣ್ಣನೆಯ ಗಾಳಿಯನ್ನು ಅವಳು ಬೇಕೆಂದೇ ಆಳವಾಗಿ ಎಳೆದುಕೊಂಡಳು, ಬಿಟ್ಟಳು, ಮತ್ತೆ ಎಳೆದುಕೊಂಡಳು. ಸಿಳ್ಳೆ ಇರಲಿಲ್ಲ. ತಂಬಿಗೆ ನೊರೆ ಕಟ್ಟಿ ಮೇಲೇರುವ ತನಕ ಮೂವರಲ್ಲಿ ಕೆಮ್ಮಿದವನು ಮಾದೇವ ಒಬ್ಬನೇ.

ನಂಜುಂಡಪ್ಪ ಕಂದೀಲನ್ನು ಅವನ ಕಡೆ ಎತ್ತಿದ. “ಮಾದೇವ, ಸುಮ್ನೆ ಬರಿಸಿದೆ ನಿನ್ನ. ಕಾಫಿ ಕುಡಿದು ಹೋಗು. ನಾಳೆಯಿಂದ ಬರೋದು ಬೇಡ.”

ಮಾದೇವ ತಂಬಿಗೆಯನ್ನು ಕಂಕುಳಿಗೆ ಇರಿಸಿಕೊಂಡು ತಿರುಗಿದ. ಜಾರಿದ ಕಂಬಳಿಯನ್ನು ಒಂದು ಕೈಯಿಂದ ಎಳೆದುಕೊಂಡ. ಅವನ ಬೆರಳುಗಳು ಚಳಿಗೆ ನೀಲಿಯಾಗಿದ್ದವು.

“ನಿಂತ್ಕೊಳ್ಲಾ,” ಎಂದಳು ಚಿಕ್ಕಬಸಮ್ಮ, ಕೆಚ್ಚಲಿನಿಂದ ಕೈ ತೆಗೆಯದೆ. “ಈ ಕರು ನನ್ ಕೋಟು ಚೀಪೋದ್ನ ಇನ್ನೂ ಬುಟ್ಟಿಲ್ಲ. ಕಾಫಿ ಆಮೇಲೆ ಕುಡೀವಂತೆ. ಮೊದ್ಲು ಇದನ್ನ ಇಡ್ಕೊ.”

ಮಾದೇವ ತಂಬಿಗೆಯನ್ನು ಕೆಳಗಿಟ್ಟು ಕರುವಿನ ಹಗ್ಗ ಹಿಡಿದ. ಕೋಟಿನ ಹೊಲಿಗೆಯನ್ನೇ ನೋಡುತ್ತ ಕೇಳಿದ:

“ಅಕ್ಕ, ತೋಳು ಇಷ್ಟೇ ಉದ್ದ ಇರ್ಬೇಕಾ?”

“ಊಂ. ನಾಕು ಬೆರಳು ಮರೀಬೇಕು,” ಎಂದಳು ಚಿಕ್ಕಬಸಮ್ಮ, ಮತ್ತು ಕೊನೆಯ ಹಾಲನ್ನು ಹಿಂಡಿದಳು.